ಕಾಲಿನ ರಕ್ತನಾಳ ತೆರೆಯುವ ಚಿಕಿತ್ಸೆ: ಫಲ ನಿರ್ಧರಿಸುವ ಅಂಶಗಳು

ಕಾಲಿನ ಅಪಧಮನಿಗಳಲ್ಲಿ ಕೊಬ್ಬು, ಸುಣ್ಣದ ಅಂಶ ಶೇಖರಗೊಂಡು ರಕ್ತ ಸಂಚಾರ ಕುಂಠಿತವಾದಾಗ ಬಲೂನು ಅಥವಾ ಸ್ಟೆಂಟ್ ಮೂಲಕ ನಾಳವನ್ನು ತೆರೆಯುವ ವಿಧಾನವೇ ಆಂಜಿಯೋಪ್ಲಾಸ್ಟಿ. ಹೃದಯದ ಚಿಕಿತ್ಸೆಯಾಗಿ ಜನಜನಿತವಾದರೂ ಇದು ಆರಂಭವಾದದ್ದು ಕಾಲಿನಲ್ಲೇ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಡಾ. ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯೊಬ್ಬರ ತೊಡೆಯ ನಾಳವನ್ನು ಹಿಗ್ಗಿಸಿ ಕಾಲು ಉಳಿಸಿದರು. ಹೃದಯದ ಸರದಿ ಬಂದದ್ದು 1977ರಲ್ಲಿ.

ಚಿಕಿತ್ಸೆಯ ಫಲ ಎಲ್ಲರಲ್ಲೂ ಒಂದೇ ಅಲ್ಲ. ಸೊಂಟದ ಭಾಗದ ದಪ್ಪ ನಾಳವನ್ನು ತೆರೆದರೆ ಅದು ಸಾಮಾನ್ಯವಾಗಿ ಬಹುಕಾಲ ಬಾಳುತ್ತದೆ. ತೊಡೆಯ ನಾಳ ಉದ್ದವಾದದ್ದು, ಪ್ರತಿ ಹೆಜ್ಜೆಗೂ ಬಾಗಿ ತಿರುಚಿಕೊಳ್ಳುವಂಥದ್ದು. ಅಲ್ಲಿ ಮತ್ತೆ ಕಿರಿದಾಗುವ ಸಂಭವ ಹೆಚ್ಚು. ಮೊಣಕಾಲಿನ ಕೆಳಗಿನ ಸಣ್ಣ ನಾಳಗಳು ಕೆಲವೇ ತಿಂಗಳಲ್ಲಿ ಮುಚ್ಚಿಕೊಳ್ಳುವುದುಂಟು. ಆದರೆ ಅಷ್ಟರೊಳಗೆ ಪಾದದ ಹುಣ್ಣು ಮಾಗಿದ್ದರೆ ಚಿಕಿತ್ಸೆ ಸಾರ್ಥಕವೆಂದೇ ಅರ್ಥ.

ಅಡಚಣೆ ಗಿಡ್ಡವೋ ಉದ್ದವೋ, ಎಷ್ಟು ಗಟ್ಟಿಯಾಗಿದೆ ಎಂಬುದೂ ಮುಖ್ಯ. ಅದಕ್ಕಿಂತ ಮುಖ್ಯವಾದದ್ದು, ಪಾದದವರೆಗೆ ಒಂದಾದರೂ ನಾಳ ಸುಸ್ಥಿತಿಯಲ್ಲಿರುವುದು. ಮೇಲೆ ತೂಬು ಎತ್ತಿದರೂ ಹೊಲಗಾಲುವೆಯಲ್ಲಿ ಹೂಳು ತುಂಬಿದ್ದರೆ ಕೊನೆಯ ಗದ್ದೆಗೆ ನೀರು ತಲುಪದು. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಿಲ್ಲ.

ರೋಗಿಯ ಸ್ಥಿತಿಯ ಪಾಲೂ ದೊಡ್ಡದು. ಬೀಡಿ, ಸಿಗರೇಟು ಮುಂದುವರಿಸಿದವರಲ್ಲಿ, ಡಯಾಲಿಸಿಸ್‌ನಲ್ಲಿರುವವರಲ್ಲಿ ಫಲಿತಾಂಶ ಕಳಪೆ. ಸಕ್ಕರೆ ಕಾಯಿಲೆಯಲ್ಲಿ ನರಗಳೂ ಜಡವಾಗುವುದರಿಂದ ಗಾಯ ನೋಯುವುದೇ ಇಲ್ಲ. ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಊರುಗಳಲ್ಲಿ ಬರಿಗಾಲಲ್ಲಿ ಗದ್ದೆಗೆ ಇಳಿಯುವ ಮಧುಮೇಹಿಗೆ ಕೂಳೆ ಚುಚ್ಚಿದ್ದೂ ತಿಳಿಯದೆ ಹೋಗಬಹುದು. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬಂದರೆ ಬಲೂನಿನಿಂದ ಆಗುವುದು ಅಲ್ಪ.

ಹಠಾತ್ ಅಡಚಣೆಯ ಮಾತೇ ಬೇರೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಸುಮಾರು 6 ಗಂಟೆಯೊಳಗೆ ರಕ್ತ ಹರಿಯಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ.; ಆ ದಾರಿಯೇ ಅವಧಿಯ ಬಹುಭಾಗವನ್ನು ನುಂಗುತ್ತದೆ. ಎಣ್ಣೆ ತಿಕ್ಕುತ್ತಾ, ಬಿಸಿನೀರಿನ ಶಾಖ ಕೊಡುತ್ತಾ ಬೆಳಗಿನವರೆಗೆ ಕಾಯುವುದು ಕಾಲಿಗೇ ಮುಳುವಾದೀತು.

ಬಲೂನೋ, ಬೈಪಾಸ್ ಶಸ್ತ್ರಚಿಕಿತ್ಸೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಾಲಿಗೇ ಅಪಾಯವಿದ್ದ ರೋಗಿಗಳ ಮೇಲೆ ನಡೆದ ಅಧ್ಯಯನಗಳ ಪೈಕಿ 2022ರ ಬೆಸ್ಟ್-ಸಿಎಲ್‌ಐ, ಕಾಲಿನ ಅಭಿಧಮನಿ ಚೆನ್ನಾಗಿದ್ದವರಿಗೆ ಬೈಪಾಸ್ ಮೇಲೆಂದಿತು. ಮೊಣಕಾಲಿನ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಿದ್ದವರನ್ನು ಪರಿಶೀಲಿಸಿದ 2023ರ ಬೇಸಿಲ್-2, ಮೊದಲು ಬಲೂನು ವಿಧಾನವೇ ಲೇಸೆಂದಿತು.

ಚಿಕಿತ್ಸೆಯ ನಂತರವೂ ವೈದ್ಯರು ಹೇಳಿದಂತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್, ದಿನನಿತ್ಯದ ನಡಿಗೆ, ಡಾಪ್ಲರ್ ತಪಾಸಣೆ ಮುಂದುವರಿಯಬೇಕು. ಪಾದದ ಕೀಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡಚಣೆಯ ಸೂಚನೆ. ಮಧುಮೇಹಿಗಳಲ್ಲಿ ನಾಳ ಗಡುಸಾಗಿ ಈ ಅಂಕಿ ಹುಸಿಯಾಗಿ ಏರಬಹುದಾದ್ದರಿಂದ ಕಾಲ್ಬೆರಳಿನ ಒತ್ತಡವನ್ನೂ ಅಳೆಯುವುದುಂಟು.