ಘಟ್ಟದ ಮೇಲಿನ ತಾಲೂಕುಗಳಲ್ಲಿ ದೂರವೈದ್ಯ: ಉಪಯೋಗವೆಷ್ಟು, ಮಿತಿ ಎಲ್ಲಿ?

ಶಿರಸಿ: ವೈದ್ಯರು ಮತ್ತು ರೋಗಿ ಎದುರುಬದುರು ಕುಳಿತುಕೊಳ್ಳದೆ ದೂರವಾಣಿ, ವಿಡಿಯೋ ಅಥವಾ ಲಿಖಿತ ಸಂದೇಶದ ಮೂಲಕ ನಡೆಸುವ ಸಮಾಲೋಚನೆಯೇ ಟೆಲಿಮೆಡಿಸಿನ್ ಅಥವಾ ದೂರವೈದ್ಯ. ಕೋವಿಡ್‌ಗೆ ಮುನ್ನ ಬಹುಮಟ್ಟಿಗೆ ಪ್ರಯೋಗದ ಹಂತದಲ್ಲಿದ್ದ ಈ ಪದ್ಧತಿ 2020ರ ಲಾಕ್‌ಡೌನ್ ನಂತರ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಅಂಗವಾಗಿದೆ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳ ಮಟ್ಟಿಗೆ ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ತಜ್ಞ ವೈದ್ಯರನ್ನು ಕಾಣಲು ದಿನವಿಡೀ ಪ್ರಯಾಣಿಸಬೇಕಾದ ಜನರಿಗೆ ಇದು ಎಷ್ಟರಮಟ್ಟಿಗೆ ನೆರವಾಗಬಲ್ಲದು ಮತ್ತು ಎಲ್ಲಿ ನೆರವಾಗಲಾರದು ಎಂಬುದನ್ನು ತಿಳಿದಿರುವುದು ಅಗತ್ಯ.

ದೂರದ ಲೆಕ್ಕ

ಶಿರಸಿಯಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಸುಮಾರು 120 ಕಿ.ಮೀ., ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಅಂತರವಿದೆ. ಯಲ್ಲಾಪುರದವರು ಹುಬ್ಬಳ್ಳಿಯನ್ನೂ, ಸಿದ್ದಾಪುರದವರು ಸಾಗರ, ಶಿವಮೊಗ್ಗ ಅಥವಾ ಮಣಿಪಾಲವನ್ನೂ ಅವಲಂಬಿಸಿದ್ದಾರೆ. ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳಲ್ಲಿ ಸಂಚಾರಕ್ಕೆ ಅಡಚಣೆಯಾಗುವುದು ಹೊಸತಲ್ಲ. ಅಡಿಕೆ ತೋಟಗಳ ನಡುವೆ ಒಂಟಿಯಾಗಿರುವ ಮನೆಗಳಿಂದ ಡಾಂಬರು ರಸ್ತೆಗೆ ಬರುವುದೇ ಕೆಲವೆಡೆ ಒಂದು ಪ್ರಯಾಣ.

ಜಿಲ್ಲೆಗೆ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನದ ರೂಪ ತಾಳಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟ ಬಳಿಕ ಈ ಕೂಗು ಮತ್ತಷ್ಟು ತೀವ್ರವಾಯಿತು. ದೂರವೈದ್ಯದ ಚರ್ಚೆಯನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಬೆಳೆದು ಬಂದ ಬಗೆ

ಕರ್ನಾಟಕಕ್ಕೆ ದೂರವೈದ್ಯ ಕೋವಿಡ್‌ನೊಂದಿಗೆ ಬಂದದ್ದಲ್ಲ. 2002ರಲ್ಲಿಯೇ ಇಸ್ರೋ ತನ್ನ ಉಪಗ್ರಹದ ನೆರವಿನಿಂದ ಚಾಮರಾಜನಗರ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆದರೆ ದುಬಾರಿ ಉಪಕರಣ ಮತ್ತು ಪ್ರತ್ಯೇಕ ಕೊಠಡಿಯನ್ನು ಬೇಡುತ್ತಿದ್ದ ಆ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟಕ್ಕೆ ವ್ಯಾಪಕವಾಗಿ ಇಳಿಯಲಿಲ್ಲ.

ಕೇಂದ್ರ ಸರ್ಕಾರದ ಇ-ಸಂಜೀವನಿ 2019ರ ನವೆಂಬರ್‌ನಲ್ಲಿ ಆರಂಭಗೊಂಡಿತು. ಸಿ-ಡ್ಯಾಕ್ ಸಂಸ್ಥೆಯ ಮೊಹಾಲಿ ಘಟಕ ಇದನ್ನು ರೂಪಿಸಿದೆ. ಮೊದಲು ಆರೋಗ್ಯ ಕೇಂದ್ರದಿಂದ ವೈದ್ಯರಿಗೆ ಮಾತ್ರ ಸಂಪರ್ಕ ಕಲ್ಪಿಸುತ್ತಿದ್ದ ಈ ವ್ಯವಸ್ಥೆಗೆ 2020ರ ಏಪ್ರಿಲ್ 13ರಂದು ಮನೆಯಿಂದಲೇ ವೈದ್ಯರನ್ನು ಕಾಣುವ ಒಪಿಡಿ ಸೌಲಭ್ಯವೂ ಸೇರಿತು. 2023ರ ಫೆಬ್ರುವರಿ ವೇಳೆಗೆ ದೇಶದಲ್ಲಿ ಸಮಾಲೋಚನೆಗಳ ಸಂಖ್ಯೆ 10 ಕೋಟಿ ದಾಟಿತ್ತು. ರಾಜ್ಯ ಸರ್ಕಾರವು 2020ರಲ್ಲಿ ಕೋವಿಡ್ ಲಕ್ಷಣವುಳ್ಳವರಿಗಾಗಿ ಆಪ್ತಮಿತ್ರ ಸಹಾಯವಾಣಿಯನ್ನು ನಡೆಸಿತ್ತು.

ಕೇಂದ್ರದಲ್ಲಿ ನಡೆಯುವುದೇನು?

ಗುಡ್ಡಗಾಡು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನಸಂಖ್ಯೆಗೆ ಒಂದು ಉಪಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. 2018ರಿಂದ ಇವುಗಳನ್ನು ಹಂತಹಂತವಾಗಿ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲಾಯಿತು. 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾಯಿತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ರಕ್ತದೊತ್ತಡ, ಸಕ್ಕರೆ ಅಂಶ, ಜ್ವರ ಇತ್ಯಾದಿಗಳನ್ನು ಅಳೆದು ದಾಖಲಿಸಿ, ವಿಡಿಯೋ ಮೂಲಕ ವೈದ್ಯರನ್ನು ಸಂಪರ್ಕಿಸುತ್ತಾರೆ. ವೈದ್ಯರ ಸಲಹಾಚೀಟಿ ಅಲ್ಲಿಯೇ ದೊರೆಯುತ್ತದೆ.

ಮನೆಯಿಂದ ನೇರವಾಗಿ ಕರೆ ಮಾಡುವುದಕ್ಕಿಂತ ಈ ಕ್ರಮವೇ ಗ್ರಾಮೀಣ ಭಾಗಕ್ಕೆ ಹೆಚ್ಚು ಒಗ್ಗುವಂಥದು. ಸ್ಮಾರ್ಟ್‌ಫೋನ್ ಇಲ್ಲದ ವೃದ್ಧರು, ಅಕ್ಷರ ಬಾರದವರು, ಯಲ್ಲಾಪುರ ಭಾಗದ ಕಾಡಂಚಿನ ಸಿದ್ದಿ ಹಾಗೂ ಗೌಳಿ ಕುಟುಂಬದವರು ತಾವೇ ಆ್ಯಪ್ ತೆರೆದು ಸರದಿಯಲ್ಲಿ ಕಾಯಬೇಕೆಂದು ನಿರೀಕ್ಷಿಸುವುದು ಸಾಧುವಲ್ಲ. ಪರಿಚಯದ ಆರೋಗ್ಯ ಸಹಾಯಕಿ ಪಕ್ಕದಲ್ಲಿದ್ದರೆ ರೋಗಿ ಹೇಳಲು ಮರೆತದ್ದೂ ವೈದ್ಯರಿಗೆ ತಿಳಿಯುತ್ತದೆ.

ನಿಯಮಗಳು

ದೂರವೈದ್ಯಕ್ಕೆ ಸ್ಪಷ್ಟ ಮಾರ್ಗಸೂಚಿ ಲಭ್ಯವಾದದ್ದು 2020ರ ಮಾರ್ಚ್ 25ರಂದು. ಅದರ ಮುಖ್ಯಾಂಶಗಳು ಇಂತಿವೆ:

* ನೋಂದಾಯಿತ ವೈದ್ಯರಷ್ಟೇ ಸಲಹೆ ನೀಡಬಹುದು. ಸಲಹಾಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು.
* ವೈದ್ಯರು ಮತ್ತು ರೋಗಿ ಪರಸ್ಪರ ಗುರುತು ತಿಳಿಸಬೇಕು. ರೋಗಿಯೇ ಕರೆ ಮಾಡಿದ್ದಲ್ಲಿ ಒಪ್ಪಿಗೆ ಇದೆ ಎಂದೇ ಭಾವಿಸಲಾಗುತ್ತದೆ.
* ಕೆಲವು ಔಷಧಗಳನ್ನು ಮೊದಲ ಸಲ ವಿಡಿಯೋದಲ್ಲಿ ನೋಡಿದ ಬಳಿಕವಷ್ಟೇ ಬರೆಯಬಹುದು. ಮಾದಕ ಔಷಧಗಳನ್ನು ಬರೆಯುವಂತಿಲ್ಲ.
* ತುರ್ತು ಸಂದರ್ಭದಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ನೀಡಿ, ಆಸ್ಪತ್ರೆಗೆ ಕಳುಹಿಸಬೇಕು.
* ದೂರದಿಂದ ನಿರ್ಧರಿಸಲಾಗದು ಎನಿಸಿದರೆ ಖುದ್ದಾಗಿ ಬರುವಂತೆ ಸೂಚಿಸುವ ಅಧಿಕಾರ ವೈದ್ಯರಿಗಿದೆ.

ಹೃದಯ ಚಿಕಿತ್ಸೆಯ ಪಾಠ

ದೂರವೈದ್ಯ ಎಲ್ಲಿ ನಿಜಕ್ಕೂ ಜೀವ ಉಳಿಸಬಲ್ಲದು ಎಂಬುದಕ್ಕೆ ಹೃದಯಾಘಾತ ಉತ್ತಮ ಉದಾಹರಣೆ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ 'ಮನೆ ಬಾಗಿಲಿಗೆ ಹೃದ್ರೋಗ ಚಿಕಿತ್ಸೆ' ಪ್ರಯತ್ನದಲ್ಲಿ ಕರಾವಳಿ ಮತ್ತು ಮಲೆನಾಡಿನ ಗ್ರಾಮೀಣ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಲಾಯಿತು. ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳುಹಿಸಿದರೆ ತಜ್ಞರು ನೋಡಿ ಮುಂದಿನ ಕ್ರಮ ತಿಳಿಸುತ್ತಾರೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯೂ ಇದೇ ತತ್ವದ ಮೇಲೆ ನಿಂತಿದೆ: ತಾಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಕೇಂದ್ರದ ತಜ್ಞರಿಗೆ ತಲುಪುತ್ತದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ತಾಲೂಕಿನಲ್ಲೇ ನೀಡಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಜ್ಞರು ದೂರದಲ್ಲಿದ್ದರೂ ಯಂತ್ರ, ಔಷಧ ಮತ್ತು ಅದನ್ನು ಕೊಡುವ ಕೈ ರೋಗಿಯ ಬಳಿಯೇ ಇವೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ದೂರದ ಸಲಹೆ ಬರೀ ಮಾತಾಗಿ ಉಳಿಯುತ್ತದೆ.

ಫೋನ್ ಸಾಲದ ಕಾಯಿಲೆ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನೆರೆಯ ಸಿದ್ದಾಪುರವನ್ನೂ ಕಾಡುತ್ತಿದೆ. 2024ರ ಆರಂಭದಲ್ಲಿ ಈ ತಾಲೂಕಿನಲ್ಲಿ ಹಲವರು ಸೋಂಕಿಗೆ ಒಳಗಾದರು. ಉಣುಗುಗಳಿಂದ ಹರಡುವ ಈ ರೋಗ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ, ದರಕು ಮತ್ತು ಕಟ್ಟಿಗೆಗೆ ಜನ ಕಾಡಿಗೆ ಹೋಗುವ ದಿನಗಳಲ್ಲಿ ಕಾಣಿಸುತ್ತದೆ. ಹಠಾತ್ ಜ್ವರ, ತಲೆನೋವು, ಮೈಕೈ ನೋವು ಇದರ ಆರಂಭಿಕ ಲಕ್ಷಣಗಳು. ಸಾಮಾನ್ಯ ಜ್ವರದ ಲಕ್ಷಣಗಳೂ ಇವೇ ಆಗಿರುವುದರಿಂದ ಫೋನಿನಲ್ಲಿ ಪ್ರತ್ಯೇಕಿಸುವುದು ಅಸಾಧ್ಯ. ರಕ್ತದ ಮಾದರಿ ಪರೀಕ್ಷೆ ಆಗಲೇಬೇಕು. ರಕ್ತಸ್ರಾವದ ಅಪಾಯ ಇರುವುದರಿಂದ ನೋವಿನ ಮಾತ್ರೆಗಳನ್ನು ಮನಸೋ ಇಚ್ಛೆ ನುಂಗುವುದೂ ಅಪಾಯಕಾರಿ.

ಹಾವು ಕಡಿತ, ಅಡಿಕೆ ಮರದಿಂದ ಬಿದ್ದ ಗಾಯ, ವಿಷ ಸೇವನೆ, ಹೆರಿಗೆ ನೋವು, ಮಕ್ಕಳ ಉಸಿರಾಟದ ತೊಂದರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥ ಸಂದರ್ಭಗಳಲ್ಲಿ ವಿಡಿಯೋ ಸರದಿಯಲ್ಲಿ ಕಾಯುತ್ತ ಕೂರಬಾರದು. ಮಧುಮೇಹ, ರಕ್ತದೊತ್ತಡದ ಮರುಭೇಟಿ, ಚರ್ಮದ ತೊಂದರೆ, ಪರೀಕ್ಷಾ ವರದಿ ತೋರಿಸುವುದು, ಮಾನಸಿಕ ಆರೋಗ್ಯದ ಸಲಹೆ ಮುಂತಾದವಕ್ಕೆ ದೂರವೈದ್ಯ ಸೂಕ್ತ.

ಅಡಚಣೆ ಮತ್ತು ಆತಂಕ

ಮೊದಲ ಅಡಚಣೆ ನೆಟ್‌ವರ್ಕ್. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕುಳಿತಿದ್ದನ್ನು ನಾಡೇ ನೋಡಿದೆ. ಗಾಳಿ ಮಳೆಗೆ ವಿದ್ಯುತ್ ಕೈಕೊಟ್ಟರೆ ಮೊಬೈಲ್ ಗೋಪುರವೂ ಮೌನವಾಗುವ ಊರುಗಳಿವೆ. ಮಳೆಗಾಲದಲ್ಲಿ ರಸ್ತೆ ಕಡಿದು ದೂರವೈದ್ಯ ಅತ್ಯಗತ್ಯವಾಗುವ ದಿನವೇ ಸಂಪರ್ಕವೂ ಕಡಿದಿರುವುದು ಈ ಭಾಗದ ವಿಪರ್ಯಾಸ. ಆದ್ದರಿಂದ ಉಪಕೇಂದ್ರಗಳಿಗೆ ತಂತಿ ಮಾರ್ಗದ ಇಂಟರ್‌ನೆಟ್ ಮತ್ತು ಬ್ಯಾಟರಿ ವ್ಯವಸ್ಥೆ ಒದಗಿಸುವುದು ಔಷಧ ಪೂರೈಕೆಯಷ್ಟೇ ಮುಖ್ಯ.

ಎರಡನೆಯದು ಹುದ್ದೆಗಳ ಪ್ರಶ್ನೆ. ಪರದೆಯ ಮೇಲೆ ವೈದ್ಯರು ಸಿಗುತ್ತಾರೆಂಬ ನೆಪದಲ್ಲಿ ಆರೋಗ್ಯ ಕೇಂದ್ರದ ಕುರ್ಚಿ ಖಾಲಿ ಉಳಿಯಬಾರದು. ಮನೆತನದ ಕಾಯಿಲೆಗಳನ್ನೆಲ್ಲ ಬಲ್ಲ ಊರಿನ ವೈದ್ಯರ ಸ್ಥಾನವನ್ನು ಪ್ರತಿ ಸಲ ಬದಲಾಗುವ ಅಪರಿಚಿತ ಮುಖ ತುಂಬಲಾರದು. ಶಿರಸಿಯ ಖಾಸಗಿ ವೈದ್ಯರಾಗಲಿ, ಹಳ್ಳಿಯ ಆರೋಗ್ಯಾಧಿಕಾರಿಯಾಗಲಿ, ತಾವು ಒಮ್ಮೆ ಕೈಮುಟ್ಟಿ ಪರೀಕ್ಷಿಸಿದ ರೋಗಿಗೆ ಮರುಭೇಟಿಯನ್ನು ಫೋನಿನಲ್ಲಿ ನೀಡುವುದು, ಕ್ಲಿಷ್ಟ ಪ್ರಕರಣದಲ್ಲಿ ತಾವೇ ತಜ್ಞರನ್ನು ಸಂಪರ್ಕಿಸುವುದು ಹೆಚ್ಚು ಸುರಕ್ಷಿತ. ಪ್ರಾಥಮಿಕ ಚಿಕಿತ್ಸೆಯ ಭವಿಷ್ಯ ಇಂಥ ಮಿಶ್ರ ಪದ್ಧತಿಯಲ್ಲಿದೆಯೇ ಹೊರತು ವೈದ್ಯರಿಲ್ಲದ ಕೇಂದ್ರಗಳಲ್ಲಿ ಅಲ್ಲ.

ನೆನಪಿಡಬೇಕಾದ ಸಂಖ್ಯೆಗಳು

ಆಂಬುಲೆನ್ಸ್: 108
ಆರೋಗ್ಯ ಸಹಾಯವಾಣಿ: 104
ಟೆಲಿ ಮನಸ್ (ಮಾನಸಿಕ ಆರೋಗ್ಯ, 2022ರಿಂದ): 14416