ಬೆಳ್ಳಿಯ ಪ್ರತಿಕೃತಿಗಳು

ಗಿಲೀಟಿನ ಒಡವೆಯೆಂದೊಡನೆ ವಂಚನೆಯ ಶಂಕೆಯು ಹುಟ್ಟುವುದು ಲೋಕದಲ್ಲಿ ಸಹಜವೇ ಸರಿ. ಆದರೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಇಂಗ್ಲೆಂಡಿನಲ್ಲಿ ವಿದ್ಯುಚ್ಛಕ್ತಿಯಿಂದ ನಿರ್ಮಿತವಾದ ಬೆಳ್ಳಿಲೇಪದ ಪ್ರತಿಕೃತಿಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಈ ಶಂಕೆಯು ಎಲ್ಲ ಪ್ರತಿಕೃತಿಗಳಿಗೂ ಸಲ್ಲತಕ್ಕದ್ದಲ್ಲವೆಂಬುದು ವಾಚಕರಿಗೆ ವಿದಿತವಾಗುವುದು.

1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಯಾಕೋಬಿ ಎಂಬ ವಿದ್ವಾಂಸನು ಈ ವಿಧಾನವನ್ನು ಪ್ರಕಟಪಡಿಸಿದನು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಬೆಳ್ಳಿಯ ಲೇಪವನ್ನು ಕೊಡುವುದಕ್ಕೆ ಪೇಟೆಂಟನ್ನು ಪಡೆದರು. ಪ್ರತಿಕೃತಿಯ ಕ್ರಮವು ಹೀಗೆ: ಮೂಲಪಾತ್ರೆಗೆ ಹಾನಿಯಾಗದಂತೆ ಗಟಾಪರ್ಚಾ ಮೊದಲಾದ ದ್ರವ್ಯಗಳಲ್ಲಿ ಅದರ ಅಚ್ಚನ್ನು ತೆಗೆಯುವರು, ಅಚ್ಚಿನ ಒಳಮೈಗೆ ಗ್ರಾಫೈಟಿನ ನುಣುಪಾದ ಪುಡಿಯನ್ನು ಸವರಿ, ಮೈಲುತುತ್ತದ ನೀರಿನಲ್ಲಿ ತೂಗಬಿಟ್ಟು ವಿದ್ಯುತ್ತನ್ನು ಹರಿಸುವರು. ತಾಮ್ರವು ಕಣಕಣವಾಗಿ ಅಲ್ಲಿ ನೆಲೆಗೊಂಡು, ಮೂಲದಲ್ಲಿ ಉಳಿಯು ಎಳೆದ ಸೂಕ್ಷ್ಮವಾದ ಗೆರೆಯೂ ಅದರಲ್ಲಿ ಮೂಡುವುದು. ಅನಂತರ ಅದಕ್ಕೆ ಬೆಳ್ಳಿಯ ಲೇಪ.

ಇದು ಬರಿಯ ವ್ಯಾಪಾರವಾಗಿ ಉಳಿಯಲಿಲ್ಲ. ಲಂಡನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಹೆನ್ರಿ ಕೋಲ್ ಎಂಬಾತನ ಪ್ರಯತ್ನದಿಂದ, 1867ರ ಪ್ಯಾರಿಸ್ ಪ್ರದರ್ಶನದ ಕಾಲದಲ್ಲಿ ಯೂರೋಪಿನ 15 ಮಂದಿ ರಾಜಕುಮಾರರು ಒಂದು ಒಡಂಬಡಿಕೆಗೆ ರುಜು ಹಾಕಿದರು. ಕಲಾವಸ್ತುಗಳ ಪ್ರತಿಕೃತಿಗಳನ್ನು ಸರ್ವದೇಶಗಳ ಸಂಗ್ರಹಾಲಯಗಳಿಗೂ ಒದಗಿಸಬೇಕೆಂಬುದೇ ಅದರ ಉದ್ದೇಶ. ಅರಮನೆಯ ಭಂಡಾರದಲ್ಲಿದ್ದ ಪಾತ್ರೆಯ ರೂಪವನ್ನು ಇದರಿಂದ ಶಿಲ್ಪಶಾಲೆಯ ಬಡ ವಿದ್ಯಾರ್ಥಿಯೂ ಹತ್ತಿರದಿಂದ ನೋಡಿ ಕಲಿಯುವಂತಾಯಿತು.

ಇದರ ಮತ್ತೊಂದು ಫಲವು ಇನ್ನೂ ವಿಚಾರಾರ್ಹವಾದುದು. 16 ಮತ್ತು 17ನೆಯ ಶತಮಾನಗಳಲ್ಲಿ ಇಂಗ್ಲೆಂಡಿನಿಂದ ರಷ್ಯದ ಝಾರ್ ದೊರೆಗಳಿಗೆ ಬೆಳ್ಳಿಯ ಪಾತ್ರೆಗಳು ಕಾಣಿಕೆಯಾಗಿ ಹೋಗಿದ್ದುವು. 1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧವು ಆರಂಭವಾಗಲು, ಸೈನಿಕರ ವೇತನಕ್ಕಾಗಿ ಉಭಯಪಕ್ಷದವರೂ ಮನೆಮನೆಯ ಬೆಳ್ಳಿಯನ್ನು ಕರಗಿಸಿದರು. ಸ್ವದೇಶದಲ್ಲಿ ನಾಶವಾದಂಥ ಮಾದರಿಗಳು ಮಾಸ್ಕೋದ ಕ್ರೆಮ್ಲಿನ್ ಭಂಡಾರದಲ್ಲಿ ಉಳಿದುವು. 1880ರಲ್ಲಿ ಎಲ್ಕಿಂಗ್ಟನ್ ಸಂಸ್ಥೆಯ ಕುಶಲಿಗಳು ರಷ್ಯಕ್ಕೆ ಹೋಗಿ ಅವುಗಳ ಅಚ್ಚನ್ನು ತೆಗೆದರು. ಹೀಗೆ ಇಂಗ್ಲೆಂಡಿನವರು ತಮ್ಮ ಪೂರ್ವಿಕರ ಕೈಗೆಲಸವನ್ನು ಪ್ರತಿಕೃತಿಯ ಮೂಲಕವೇ ಮತ್ತೆ ಕಂಡರು.

ನಮ್ಮ ಕವಿಗಳ ಸ್ವಹಸ್ತದ ಓಲೆಗಳು ನಮಗೆಲ್ಲಿ ದೊರೆತಿವೆ? ಪ್ರತಿಕಾರರ ಶ್ರಮದಿಂದಲೇ ಅವರ ಕಾವ್ಯಗಳು ನಮ್ಮವರೆಗೆ ಬಂದಿವೆ. ಆದುದರಿಂದ ಪ್ರತಿಯನ್ನು ಹಳಿಯುವುದು ನಮಗೆ ಸಲ್ಲದು. ಆದರೆ ಓಲೆಯ ಪ್ರತಿಯಲ್ಲಿ ಕಾವ್ಯವೇ ಬರುವುದು. ಈ ಪಾತ್ರೆಗಳಲ್ಲಿ ರೂಪವು ಬರುವುದಲ್ಲದೆ ಲೋಹವೂ ಕಮ್ಮಾರನ ಸುತ್ತಿಗೆಯ ಪೆಟ್ಟೂ ಬರಲಾರವು. ಈ ಭೇದವನ್ನು ಅಂದಿನವರು ಮರೆಮಾಚಲಿಲ್ಲ. ಸಂಗ್ರಹಾಲಯಕ್ಕಾಗಿ ಮಾಡಿದ ಪ್ರತಿಕೃತಿಗಳ ಮೇಲೆ ಸರಕಾರದ ಕಲಾ ಇಲಾಖೆಯ ಮುದ್ರೆಯನ್ನು ಒತ್ತುತ್ತಿದ್ದರು. ಪ್ರತಿಯನ್ನು ಮೂಲವೆಂದು ಮಾರುವುದು ದ್ರೋಹ. ಪ್ರತಿಯೆಂದೇ ಹೇಳಿ ಹತ್ತು ಜನರ ಮುಂದಿಡುವುದು ವಿದ್ಯಾದಾನವೆಂದು ನಮ್ಮ ಅಭಿಪ್ರಾಯ.