ಅಡಿಕೆ ಮತ್ತು ಆಹಾರ ಸುರಕ್ಷತೆ: ಶಿವಮೊಗ್ಗ–ಭದ್ರಾವತಿ ಸೀಮೆ

ಅಡಿಕೆ ತಿನ್ನುವುದು ಆರೋಗ್ಯಕ್ಕೆ ಹಾನಿಕರವೇ ಎಂಬ ಪ್ರಶ್ನೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಆಹಾರ ಸುರಕ್ಷತೆಯದಷ್ಟೇ ಅಲ್ಲ, ಬದುಕಿನದೂ ಹೌದು. ನಾಲ್ಕು ದಶಕಗಳಲ್ಲಿ ವಿಜ್ಞಾನ, ಕಾನೂನು ಮತ್ತು ಬೆಳೆಗಾರರ ನಿಲುವು ಇಲ್ಲಿ ಮತ್ತೆ ಮತ್ತೆ ಎದುರುಬದುರಾಗಿವೆ.

ಹಿನ್ನೆಲೆ

ತಾಂಬೂಲವಿಲ್ಲದೆ ಮಲೆನಾಡಿನಲ್ಲಿ ಮದುವೆಯಿಲ್ಲ, ಪೂಜೆಯಿಲ್ಲ. ಹಸಿರು ಅಡಿಕೆಯನ್ನು ಸುಲಿದು, ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಮಂಡಿಯಲ್ಲಿ ದರ ಕಟ್ಟುತ್ತಾರೆ. ಶಿವಮೊಗ್ಗದ ಮ್ಯಾಮ್ಕೋಸ್ 1939ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಘ. ಭದ್ರಾ ನಾಲೆಯ ನೀರು ಬಂದ ಮೇಲೆ ಭದ್ರಾವತಿ ಸುತ್ತಲಿನ ಎಷ್ಟೋ ಗದ್ದೆಗಳು ಕ್ರಮೇಣ ತೋಟಗಳಾದವು. ಬೂಷ್ಟು ಹಿಡಿದ ಅಡಿಕೆ, ಬಣ್ಣ ಹಾಕಿದ ಅಡಿಕೆ ಕೆಟ್ಟದ್ದು ಎಂಬುದು ಪೇಟೆಯ ಹಳೆಯ ಸುರಕ್ಷತಾ ಅಳತೆ.

ವಿಜ್ಞಾನ ಮತ್ತು ಕಾನೂನು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕವೆಂದಿತು; ತಂಬಾಕಿಲ್ಲದ ಎಲೆಯಡಿಕೆಯ ವಿರುದ್ಧ ಆಗ ಸಾಕಷ್ಟು ಪುರಾವೆ ಇರಲಿಲ್ಲ. 2004ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ ವರದಿ ಅಡಿಕೆಯನ್ನೇ ಮೊದಲ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಬಾಯಿಯ ಒಳಪದರ ಬಿಗಿಯುವ ರೋಗಕ್ಕೂ ಕಾರಣ. ಆ ರೋಗ ಹೆಚ್ಚಾದರೆ ಬಾಯಿ ಅಗಲಿಸುವುದೇ ಕಷ್ಟ.

2011ರ ಆಹಾರ ಸುರಕ್ಷತಾ ನಿಯಮಗಳು ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸುವುದನ್ನು ನಿಷೇಧಿಸಿದವು. ಅದರ ಆಧಾರದ ಮೇಲೆ ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರಾಟ ಮುಂದುವರಿಯಿತು. ಸುಪಾರಿ ಪೊಟ್ಟಣದ ಮೇಲೂ ಅದನ್ನು ಅಗಿಯುವುದು ಆರೋಗ್ಯಕ್ಕೆ ಹಾನಿಕರವೆಂಬ ಎಚ್ಚರಿಕೆ ಕಡ್ಡಾಯವಾಯಿತು.

ಜನಾಭಿಪ್ರಾಯ

ಬೆಳೆಗಾರರ ವಾದ ಸ್ಪಷ್ಟ: ರೋಗಕ್ಕೆ ಕಾರಣ ತಂಬಾಕು ಮತ್ತು ಕಲಬೆರಕೆ, ಅಡಿಕೆಯಲ್ಲ, ತಲೆಮಾರುಗಳಿಂದ ತಿಂದವರಿಗೆ ಏನೂ ಆಗಿಲ್ಲ, ಹೊಸ ಸಂಶೋಧನೆ ಇಲ್ಲೇ ನಡೆಯಲಿ. ಪಕ್ಷಭೇದವಿಲ್ಲದೆ ಜನಪ್ರತಿನಿಧಿಗಳು ಇದನ್ನು ಬೆಂಬಲಿಸಿದ್ದಾರೆ. ವೈದ್ಯರ ಮಾತು ಬೇರೆ: ತಂಬಾಕು ಅಪಾಯವನ್ನು ಹೆಚ್ಚಿಸುತ್ತದೆ ನಿಜ, ಆದರೆ ತಂಬಾಕು ತೆಗೆದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ. ಅಡಿಕೆ ಬೇಯಿಸಿದಾಗ ಅರೆಕೋಲಿನ್ ಕೊಂಚ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. 2024ರ ಜಾಗತಿಕ ಅಂದಾಜಿನ ಪ್ರಕಾರ ಬಾಯಿ ಕ್ಯಾನ್ಸರ್‌ನ ಮೂರರಲ್ಲಿ ಸುಮಾರು ಒಂದು ಪ್ರಕರಣಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ.

ಅಡಿಕೆ ಬೆಳೆಯುವುದಕ್ಕೂ ಮಾರುವುದಕ್ಕೂ ನಿಷೇಧವಿಲ್ಲ. ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಿಂದ ಕೈಬಿಟ್ಟೂ ಇಲ್ಲ.